ಮಧ್ಯಾಹ್ನ ಹನ್ನೆರಡರ ಲಿಗಾಯಾ

ಮಾರ್ಗನ್ ಹಿಲ್, ಬೇಲಿಯ ಪಕ್ಕ

ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೋಗಿ ಬಂದವರೆಲ್ಲ ಮೊದಲು ಆ ಕೆಂಪು ಸೇತುವೆಯ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರವೂ ಒಂದಿದೆ. ಅದರಲ್ಲಿ ಮಂಜು ಎಷ್ಟಿದೆಯೆಂದರೆ ಸೇತುವೆಯೂ ಕಾಣುವುದಿಲ್ಲ, ನಾನೂ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಅದನ್ನು ಬದಿಗಿಟ್ಟು, ಹುಲ್ಲಿಗೆ ಬಿಟ್ಟ ನೀರಿನಲ್ಲಿ ನಾನು ತೊಯ್ದು ತೊಪ್ಪೆಯಾದ ಸಂಗತಿಯಿಂದಲೇ ಶುರು ಮಾಡುತ್ತೇನೆ.

ನಾನು ಹುಬ್ಬಳ್ಳಿಯವಳು. ಮೂವತ್ತು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ, ನಿರೂಪಣೆಯನ್ನೂ ಮಾಡುತ್ತೇನೆ. ಗಣಪತಿ ಪೆಂಡಾಲು, ಮದುವೆ ರಿಸೆಪ್ಷನ್ನು, ಸಹಕಾರಿ ಸಂಘದ ಬೆಳ್ಳಿಹಬ್ಬ, ಎಲ್ಲಿ ಮೈಕು ಇದೆಯೋ ಅಲ್ಲಿ ವಿಜಯಕ್ಕ. ಬೇ ಏರಿಯಾದ ಒಂದು ಕನ್ನಡ ಸಂಘದವರು ತಮ್ಮ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆಸಿಕೊಂಡಾಗ, ನಮ್ಮ ಓಣಿಯಲ್ಲಿ ಹಾಲು ಹಾಕುವವನಿಗೂ ಗೊತ್ತಾಗುವಂತೆ ಸುದ್ದಿ ಹಬ್ಬಿಸಿದ್ದೆ. ಬೆಳಗಿನಿಂದ ಪೂರ್ತಿ ನಿರೂಪಣೆ ನನ್ನದು. ಕೊನೆಯಲ್ಲಿ ನನ್ನದೇ ಮೂರು ಹಾಡು. ಆ ಮೂರು ಹಾಡಿಗಾಗಿ ಎರಡು ತಿಂಗಳು ಎಣ್ಣೆಯಲ್ಲಿ ಕರಿದದ್ದು ಬಿಟ್ಟಿದ್ದೆ, ಮಿರ್ಚಿ ಭಜಿಯನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಹುಬ್ಬಳ್ಳಿಯಲ್ಲಿದ್ದುಕೊಂಡು ಇದನ್ನು ಮಾಡುವುದು ಸಣ್ಣ ತಪಸ್ಸಲ್ಲ.

ಮಾರ್ಗನ್ ಹಿಲ್‌ನ ತನ್ನ ಮನೆಯಲ್ಲಿ ನನ್ನನ್ನು ಇಳಿಸಿಕೊಂಡವಳು ಮಂಡ್ಯ ಕಡೆಯ ಸುಮಿತ್ರಾ, ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಆರೂವರೆಗೇ ಸ್ಯಾನ್ ಹೋಸೆಯತ್ತ ಹೊರಟರೆ ಮನೆಯಲ್ಲಿ ನಾನೊಬ್ಬಳೇ.

“ಆಂಟಿ, ಫ್ರಿಜ್ಜಲ್ಲಿ ಸಾರಿದೆ, ಮೈಕ್ರೋವೇವ್ ಮಾಡ್ಕೊಳ್ಳಿ. ಯಾರಾದ್ರೂ ಬೆಲ್ ಮಾಡಿದ್ರೆ ಓಪನ್ ಮಾಡ್ಬೇಡಿ. ಬೋರ್ ಆದ್ರೆ ಬ್ಯಾಕ್‌ಯಾರ್ಡಲ್ಲಿ ಕೂತ್ಕೊಳ್ಳಿ, ಏನೂ ಡೇಂಜರ್ ಇಲ್ಲ,” ಎಂದು ಹೇಳಿ ಹೋದಳು.

ಬಂದ ಮಾರನೆಯ ದಿನ ಹಿತ್ತಲಿನಲ್ಲಿ ಕೂತಿದ್ದೆ. ಸರಿಯಾಗಿ ಹನ್ನೆರಡು ಗಂಟೆಗೆ ಮರದ ಬೇಲಿಯ ಆಚೆಯಿಂದ ಮೈಕಿನಲ್ಲಿ ಒಂದು ಹೆಣ್ಣುದನಿ ಕೇಳಿಸಿತು. ಆ ಭಾಷೆಯಲ್ಲಿ ಅರ್ಧ ಇಂಗ್ಲಿಷು, ಇನ್ನರ್ಧ ಯಾವುದೋ ತಿಳಿಯದು. ಆದರೆ ಮೈಕು ಹಿಡಿದವರು ಹೊಸಬರೋ ಹಳಬರೋ ಎಂಬುದು ನನಗೆ ಎರಡು ಮಾತಿನಲ್ಲಿ ತಿಳಿಯುತ್ತದೆ. ಇವರು ಹಳಬರು. ಒಂದು ತಮಾಷೆಯ ಮಾತು ಆಡಿ, ಜನ ನಗುವಷ್ಟು ಹೊತ್ತು ಮಾತ್ರ ಕಾಯ್ದು, ಮುಂದಿನ ಮಾತಿಗೆ ಹೋಗುತ್ತಿದ್ದರು. ಆ ಲೆಕ್ಕ ಕಲಿಯಲು ನನಗೆ ಹತ್ತು ವರ್ಷ ಬೇಕಾಗಿತ್ತು.

ಎದ್ದು ಹೋಗಿ ಬೇಲಿಯ ಹಲಗೆಗಳ ನಡುವೆ ಕಣ್ಣಿಟ್ಟೆ. ಅದೇ ಹೊತ್ತಿಗೆ ನೆಲದಿಂದ ನಾಲ್ಕು ಕಡೆ ನೀರು ಚಿಮ್ಮಿತು. ರಾತ್ರಿ ಹನ್ನೆರಡಕ್ಕೆ ಹುಲ್ಲಿಗೆ ನೀರು ಬಿಡುವಂತೆ ಇಡಬೇಕಾದದ್ದನ್ನು ಸುಮಿತ್ರಾಳ ಗಂಡ ಹಗಲು ಹನ್ನೆರಡಕ್ಕೆ ಇಟ್ಟಿದ್ದನಂತೆ. ದೊಡ್ಡ ಕಂಪ್ಯೂಟರ್ ಎಂಜಿನಿಯರು.

“ಅಯ್ಯ ನಮ್ಮವ್ವಾ, ಸತ್ತೆ!” ಎಂದು ಕೂಗಿದೆ.

ತಕ್ಷಣ ಬೇಲಿಯಾಚೆಯಿಂದ ಮೈಕಿನಲ್ಲಿ ಘೋಷಣೆ ಬಂತು: “ಮಹನೀಯರೇ, ಇವತ್ತಿನ ವಿಶೇಷ ಅತಿಥಿ ಈಜಿಕೊಂಡು ಬಂದಿದ್ದಾರೆ, ಚಪ್ಪಾಳೆ!” ನನ್ನ ಜೊತೆ ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲೇ. ನನಗೆ ಅರ್ಥವಾದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬೇಲಿಯ ಬಾಗಿಲು ತೆರೆದು ಟವೆಲ್ಲು ಹಿಡಿದು ನಿಂತವರೇ ಲಿಗಾಯಾ. ಅರವತ್ತು ದಾಟಿದ ಗಿಡ್ಡ ಹೆಂಗಸು. ಮೈಮೇಲೆ ದಾದಿಯರ ನೀಲಿ ಅಂಗಿ, ತುಟಿಗೆ ಮಾತ್ರ ಸ್ಟೇಜಿಗೆ ಹೊರಟವರ ಲಿಪ್‌ಸ್ಟಿಕ್ಕು. ಆ ಮನೆ ಹೊರಗಿನಿಂದ ಉಳಿದ ಮನೆಗಳಂತೆಯೇ ಕಂಡರೂ ಒಳಗೆ ಆರು ಜನ ವಯಸ್ಸಾದವರನ್ನು ನೋಡಿಕೊಳ್ಳುವ ಜಾಗ. ಲಿಗಾಯಾ ಅಲ್ಲಿ ಅವರಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ, ಹನ್ನೆರಡಾಯಿತೆಂದರೆ ಗಾಲಿಕುರ್ಚಿಗಳನ್ನು ಅರ್ಧ ವೃತ್ತದಲ್ಲಿ ನಿಲ್ಲಿಸಿ ಮೈಕು ಹಿಡಿಯುತ್ತಿದ್ದರು. ಒಬ್ಬರಿಗೆ ಒಗಟು, ಇನ್ನೊಬ್ಬರಿಗೆ ಬಹುಮಾನವಾಗಿ ಬಾಳೆಹಣ್ಣು. ತನ್ನ ಹೆಸರನ್ನೇ ಮರೆತಿದ್ದ ಒಬ್ಬ ಅಜ್ಜಿ ಚಪ್ಪಾಳೆಯನ್ನು ಮಾತ್ರ ತಾಳ ತಪ್ಪದೆ ತಟ್ಟುತ್ತಿದ್ದಳು.

“ದಿನಾ ಹನ್ನೆರಡಕ್ಕೇ ಯಾಕೆ?” ಎಂದು ಕೇಳಿದೆ.

“ಹದಿನೆಂಟು ವರ್ಷ ನಮ್ಮ ದೇಶ ನನ್ನನ್ನು ನೋಡುತ್ತಾ ಊಟ ಮಾಡಿದೆ, ಆ ಹೊತ್ತಿಗೆ ಸುಮ್ಮನಿರಲು ಬಾಯಿಗೆ ಆಗುವುದಿಲ್ಲ,” ಎಂದರು.

ಫಿಲಿಪ್ಪೀನ್ಸಿನಲ್ಲಿ ಮಧ್ಯಾಹ್ನದ ಟೀವಿ ಕಾರ್ಯಕ್ರಮ ಎಂದರೆ ನಮ್ಮಲ್ಲಿಯ ರಾತ್ರಿಯ ಧಾರಾವಾಹಿಗಳನ್ನೆಲ್ಲ ಒಟ್ಟು ಸೇರಿಸಿದಷ್ಟು ದೊಡ್ಡದಂತೆ. ಹಾಡು, ಆಟ, ಬಹುಮಾನ, ಅಳು, ಎಲ್ಲವೂ ಒಂದೇ ಗಂಟೆಯಲ್ಲಿ. ಅದನ್ನು ನಡೆಸಿದವರು ಇವರು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ಅಮೆರಿಕಾಕ್ಕೆ ಬಂದ ದೊಡ್ಡ ನಿರೂಪಕಿ ನಾನೇ ಎಂದುಕೊಂಡಿದ್ದರೆ ಪಕ್ಕದ ಮನೆಯಲ್ಲೇ ನನ್ನ ಹತ್ತರಷ್ಟು ದೊಡ್ಡವರು ಮುದುಕರಿಗೆ ಗಂಜಿ ಕುಡಿಸುತ್ತಿದ್ದರು.

“ಹಾಗಾದರೆ ಒಂದು ಹಾಡು ಹೇಳಿ,” ಎಂದೆ, ಸ್ವಲ್ಪ ಪರೀಕ್ಷೆ ಮಾಡುವ ದನಿಯಲ್ಲೇ.

ಅವರು ಮೈಕನ್ನು ಕೆಳಗಿಟ್ಟು ಒಬ್ಬ ತಾತನ ಬೂಟಿನ ಲೇಸು ಕಟ್ಟತೊಡಗಿದರು.

ಗಿಲ್‌ರಾಯ್, ರಜೆಯ ದಿನ

ಗುರುವಾರ ಲಿಗಾಯಾರಿಗೆ ರಜೆ. “ವಿಜಯಾ, ಬಾ, ಬೆಳ್ಳುಳ್ಳಿ ತರೋಣ,” ಎಂದು ತಮ್ಮ ಹಳೆಯ ಕಾರಿನಲ್ಲಿ ದಕ್ಷಿಣಕ್ಕೆ ಕರೆದುಕೊಂಡು ಹೋದರು. ಗಿಲ್‌ರಾಯ್ ಬೆಳ್ಳುಳ್ಳಿಯ ಊರು, ಫ್ರೀವೇ ಇಳಿಯುವ ಮೊದಲೇ ವಾಸನೆ ಬಂತು. ಬ್ಯಾಡಗಿಗೆ ಹೋದವರಿಗೆ ಇದು ತಿಳಿಯುತ್ತದೆ. ಅಲ್ಲಿ ಬಸ್ಸಿನಲ್ಲಿದ್ದವರೆಲ್ಲ ಸೀನಲು ಶುರು ಮಾಡಿದರೆಂದರೆ ಊರು ಬಂತೆಂದು ಲೆಕ್ಕ. ಇಲ್ಲಿ ಸೀನು ಬರುವುದಿಲ್ಲ, ಹಸಿವೆ ಆಗುತ್ತದೆ.

ಮೊದಲು ಒಂದು ಫಿಲಿಪ್ಪಿನೋ ಅಂಗಡಿಗೆ ಹೋದೆವು. ಗಲ್ಲಾದಲ್ಲಿ ಕೂತಿದ್ದ ನಡುವಯಸ್ಸಿನ ಹೆಂಗಸು ಲಿಗಾಯಾರನ್ನು ಕಂಡವಳೇ ಸಾಲಿನಲ್ಲಿ ನಿಂತಿದ್ದವರನ್ನು ಹಾಗೇ ಬಿಟ್ಟು ಓಡಿ ಬಂದಳು. ಅವರ ಕೈ ಹಿಡಿದು, ಬಾಗಿ, ಆ ಕೈಯ ಹಿಂಭಾಗವನ್ನು ತನ್ನ ಹಣೆಗೆ ಒತ್ತಿಕೊಂಡಳು. ನಾವು ಕಾಲು ಮುಟ್ಟುತ್ತೇವಲ್ಲ, ಅದೇ ಭಕ್ತಿ. ಸಾಲಿನಲ್ಲಿದ್ದವರು ಗೊಣಗಲಿಲ್ಲ, ತಾವೂ ಬಂದು ಕೈ ಒತ್ತಿಕೊಂಡರು. ನನ್ನ ಜೀವನದಲ್ಲಿ ನಡೆದ ಇಂಥ ದೊಡ್ಡ ಘಟನೆ ಎಂದರೆ, ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರು “ಅಕ್ಕಾರ, ನೀವು ಹಾಡ್ತೀರಲ್ರೀ?” ಎಂದು ಕೇಳಿ ಕಿಟಕಿಯ ಸೀಟು ಕೊಟ್ಟದ್ದು.

ಆಮೇಲೆ ಬೆಳ್ಳುಳ್ಳಿಯ ಐಸ್‌ಕ್ರೀಮು ತಿನ್ನಿಸಿದರು. ಒಗ್ಗರಣೆ ಹಾಕಿದ ಐಸ್‌ಕ್ರೀಮು ಎಂದುಕೊಳ್ಳಿ. ನಾನು ಮುಖ ಸಿಂಡರಿಸಿಕೊಂಡು ತಿನ್ನುವುದನ್ನು ನೋಡಿ ಅವರು ನಕ್ಕು ನಕ್ಕು ಬೆಂಚಿನ ಮೇಲೆ ಕೂತರು. ಅಲ್ಲೇ ತಮ್ಮ ಕಥೆ ಹೇಳಿದರು.

ಹುಟ್ಟಿದ್ದು ಒಂದು ಸಣ್ಣ ದ್ವೀಪದಲ್ಲಿ. ತಾಯಿ ಒಣಮೀನು ಮಾರುವವಳು. ಅಲ್ಲಿಯ ಊರಹಬ್ಬಗಳಲ್ಲಿ ಹಾಡಿನ ಸ್ಪರ್ಧೆ ನಡೆಯುತ್ತದೆ, ಚೆನ್ನಾಗಿ ಹಾಡದವರಿಗೆ ನಡುವೆಯೇ ಗಂಟೆ ಬಾರಿಸಿ ಇಳಿಸುತ್ತಾರೆ. ಒಂಬತ್ತನೆಯ ವಯಸ್ಸಿಗೆ ಲಿಗಾಯಾರಿಗೂ ಎರಡನೆಯ ಸಾಲಿಗೇ ಗಂಟೆ ಬಾರಿಸಿದರು. ಮುಂದಿನ ಸಾಲಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ತಾಯಿ ಎದ್ದು ನಿಂತು, ಗಂಟೆ ನಿಲ್ಲುವವರೆಗೂ ಚಪ್ಪಾಳೆ ತಟ್ಟಿದಳು. ಮಾರನೆಯ ವರ್ಷ ಅದೇ ಹಾಡನ್ನು ಹಾಡಿ ಒಂದು ಮೂಟೆ ಅಕ್ಕಿ ಗೆದ್ದರು. ಮುಂದೆ ಮನಿಲಾ, ಹೋಟೆಲುಗಳಲ್ಲಿ ಹಾಡು, ಕ್ಯಾಸೆಟ್ಟು. ಒಂದು ದಿನ ಮಧ್ಯಾಹ್ನದ ಕಾರ್ಯಕ್ರಮದ ನಿರೂಪಕನಿಗೆ ಜ್ವರ ಬಂತೆಂದು, ಹಾಡಲು ಬಂದಿದ್ದ ಇವರ ಕೈಗೇ ಮೈಕು ಕೊಟ್ಟರು. ಅದನ್ನು ವಾಪಸು ಕೊಟ್ಟದ್ದು ಹದಿನೆಂಟು ವರ್ಷದ ಮೇಲೆ.

“ಯಾಕೆ ಕೊಟ್ಟಿರಿ?”

ಅವರು ಕತ್ತಿನ ಸ್ಕಾರ್ಫು ಸರಿಸಿದರು. ಗಂಟಲಿನ ಬುಡದಲ್ಲಿ ಹಳೆಯ ಹೊಲಿಗೆಯ ಗೆರೆ. ಗಡ್ಡೆ ತೆಗೆಯುವಾಗ ದನಿಯ ನರಕ್ಕೆ ಪೆಟ್ಟಾಗಿತ್ತಂತೆ. ಮಾತು ಮರಳಿ ಬಂತು, ಹಾಡು ಬರಲಿಲ್ಲ. ತಂಗಿ ಇಲ್ಲಿದ್ದಳು, ಇಲ್ಲಿಗೆ ಬಂದರು. ಒಂಬತ್ತು ವರ್ಷ ಜನರ ಮುಂದೆ ಒಂದು ಸಾಲೂ ಹಾಡಿರಲಿಲ್ಲ. ಈಗ ಎರಡು ವರ್ಷದಿಂದ ಒಬ್ಬ ದನಿಯ ಚಿಕಿತ್ಸಕಿಯ ಬಳಿ ಅಭ್ಯಾಸ ಮಾಡಿ ಹಾಡು ಮರಳಿ ಪಡೆದಿದ್ದರು. ಆದರೆ ಒಂದು ಷರತ್ತಿತ್ತು. ಗಂಟಲು ಬಿಸಿ ಮಾಡಲು ಶುರು ಮಾಡಿದ ಮೇಲೆ ದನಿ ನಿಲ್ಲುವುದು ಸುಮಾರು ಒಂದು ಗಂಟೆ. ಅದು ಮುಗಿದರೆ ಆ ದಿನಕ್ಕೆ ಬರಿಯ ಪಿಸುಮಾತು.

“ಶನಿವಾರ ಹಾಡುತ್ತೇನೆ. ಎರಡೂವರೆಗೆ, ನಿಮ್ಮ ಜನರ ಕಾರ್ಯಕ್ರಮ ಮುಗಿದ ಮೇಲೆ, ಅದೇ ಆಡಿಟೋರಿಯಂನಲ್ಲಿ ನಮ್ಮ ಜನರ ಕಾರ್ಯಕ್ರಮವಿದೆ. ಬಂದರೆ ಬಂತು. ಬರದಿದ್ದರೆ ಇನ್ನು ಮೇಲೆ ಹಾಡುಗಾರ್ತಿ ಎಂದು ಹೇಳಿಕೊಳ್ಳುವುದಿಲ್ಲ.”

ನನ್ನ ಹೊಟ್ಟೆಯುರಿ ಅಲ್ಲೇ ಆರಿತು. ಹಾಡುವವರಿಗೆ ದನಿ ಹೋಗುವುದೆಂದರೆ ಏನು ಎಂದು ನನಗೆ ಯಾರೂ ವಿವರಿಸಬೇಕಿಲ್ಲ. ನೆಗಡಿಯಾದರೂ ಸಾಕು, ನಾನು ಆರ್ಕೆಸ್ಟ್ರಾದವರೆಲ್ಲರ ಮೇಲೆ ಹರಿಹಾಯುತ್ತೇನೆ.

ಭಾರವಾದ ಮಾತನ್ನು ಹಗುರ ಮಾಡಲು ಕಸುಬಿನ ಪ್ರಶ್ನೆ ಕೇಳಿದೆ. ಮೈಕು ಬಿಡದ ಭಾಷಣಕಾರರನ್ನು ಏನು ಮಾಡುತ್ತಿದ್ದಿರಿ? ನಾವಂತೂ ಚೀಟಿ ಕಳಿಸುತ್ತೇವೆ, ಅವರು ಅದನ್ನೂ ಓದಿ ಹೇಳುತ್ತಾರೆ.

“ಮೈಕಿಗೆ ಕೈ ಹಾಕಲೇಬಾರದು. ಮೈಕು ಕಿತ್ತುಕೊಂಡರೆ ಮನುಷ್ಯ ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ. ಮೊಣಕೈ ಹಿಡಿ. ‘ನಿಮ್ಮ ಮನೆಯವರು ಯಾರು ಬಂದಿದ್ದಾರೆ?’ ಎಂದು ಪ್ರೀತಿಯಿಂದ ಕೇಳು. ಅವನ ಕಣ್ಣು ಅವರನ್ನು ಹುಡುಕುತ್ತದೆ, ಕಾಲು ಕಣ್ಣಿನ ಹಿಂದೆಯೇ ಹೋಗುತ್ತದೆ. ನೀನು ಜೊತೆಗೆ ನಡೆದರೆ ಸಾಕು. ಮಂತ್ರಿಗಳನ್ನೂ ಹೀಗೆಯೇ ಇಳಿಸಿದ್ದೇನೆ.” ಆಮೇಲೆ ಸಹಜವಾಗಿ ಕೇಳಿದರು, “ನಿನ್ನ ಮುಂದಿನ ಸಾಲಿನಲ್ಲಿ ಯಾರು ಕೂರುತ್ತಾರೆ?”

“ಪದಾಧಿಕಾರಿಗಳ ಹೆಂಡಂದಿರು,” ಎಂದು ನಕ್ಕೆ. ನಿಜ ಹೇಳಲಿಲ್ಲ. ಆರ್ಕೆಸ್ಟ್ರಾ ಸೇರಿದ ದಿನವೇ ಅಪ್ಪ ನನ್ನ ಜೊತೆ ಮಾತು ಬಿಟ್ಟರು. ನಾಲ್ಕು ಜನರ ಮುಂದೆ ಕುಣಿಯುವವಳೆಂದು ಅಣ್ಣಂದಿರೂ ಬರಲಿಲ್ಲ. ಈಗ ಅಮೆರಿಕಾ ಎಂದ ಮೇಲೆ ಹೆಮ್ಮೆಯಿಂದ ಸುದ್ದಿ ಹೇಳಿಕೊಂಡು ತಿರುಗುತ್ತಾರೆ, ಆದರೆ ಮೂವತ್ತು ವರ್ಷದಲ್ಲಿ ನಮ್ಮ ಮನೆಯ ಒಬ್ಬರೂ ಬಂದು ನಾನು ಹಾಡುವುದನ್ನು ಕೂತು ಕೇಳಿದ್ದಿಲ್ಲ.

ಮೌಂಟನ್ ವ್ಯೂ, ರಿಹರ್ಸಲ್ಲು

ಶುಕ್ರವಾರ ಸಂಜೆ ಮೌಂಟನ್ ವ್ಯೂನ ಒಂದು ಅಪಾರ್ಟ್‌ಮೆಂಟಿನಲ್ಲಿ ಪೂರ್ವಸಿದ್ಧತೆ. ಸೈಕಲ್ಲಿನಲ್ಲಿ ಬಂದ ಎಂಜಿನಿಯರುಗಳು ಹೆಲ್ಮೆಟ್ಟು ತೆಗೆದಿಟ್ಟು ಕೋಲಾಟಕ್ಕೆ ನಿಂತರು. ಸಣ್ಣ ಮಕ್ಕಳು ಕನ್ನಡದ ಪ್ರಾರ್ಥನೆಯನ್ನು ತಪ್ಪಿಲ್ಲದೆ ಹಾಡಿ, “ಕ್ಯಾನ್ ವಿ ಗೋ ನೌ?” ಎಂದರು. ಕಾರ್ಯಕ್ರಮಪಟ್ಟಿ ನೋಡಿದ ನನಗೆ ಊರಿನ ನೆನಪಾಯಿತು. ಹದಿನಾಲ್ಕು ಐಟಮ್ಮು, ಅದರಲ್ಲಿ ಆರು ಭಾಷಣ.

“ಎರಡು ಗಂಟಿಗೆ ಮುಗೀತದೇನವಾ ಇದು?” ಎಂದು ಸುಮಿತ್ರಾಳನ್ನು ಕೇಳಿದೆ.

“ಡೋಂಟ್ ವರಿ ಆಂಟಿ, ಎಕ್ಸೆಲ್ ಶೀಟಲ್ಲಿ ಪ್ರತಿ ಮಿನಿಟ್ಟೂ ಪ್ಲಾನ್ ಮಾಡಿದೀವಿ. ಚಂದ್ರಣ್ಣಂಗೆ ಫೈವ್ ಮಿನಿಟ್ಸ್ ಮಾತ್ರ.”

ಚಂದ್ರಣ್ಣ ಎಂದರೆ ಸಂಘದ ಅಧ್ಯಕ್ಷರು, ಹಾಸನ ಕಡೆಯವರು, ಒಳ್ಳೆಯ ಮನುಷ್ಯ. ಆ ಸಂಜೆ ಬಂದವರಿಗೆಲ್ಲ ತಾವೇ ಕಾಫಿ ಕೊಟ್ಟರು. ಕಾಫಿ ಕೊಡುತ್ತಾ ಸಂಘ ಹುಟ್ಟಿದ ಬಗೆಯನ್ನು ನನಗೆ ಹೇಳತೊಡಗಿದರು, ಲೋಟ ತಣ್ಣಗಾಯಿತು, ಸಂಘ ಇನ್ನೂ ಹುಟ್ಟಿರಲಿಲ್ಲ.

ಸನ್ಮಾನದ ಪೆಟ್ಟಿಗೆ ತೆರೆದೆ. ನಾಲ್ಕು ಜನಕ್ಕೆ ಸನ್ಮಾನ, ಪೆಟ್ಟಿಗೆಯಲ್ಲಿ ಐದು ಶಾಲು, ಐದು ಮೈಸೂರು ಪೇಟ.

“ಒಂದು ಸ್ಪೇರ್ ಆಂಟಿ, ಯಾರಾದ್ರೂ ಬಿಗ್ ಗೆಸ್ಟ್ ಸಡನ್ನಾಗಿ ಬಂದ್ಬಿಟ್ರೆ?” ಎಂದಳು ಸುಮಿತ್ರಾ. ಕನ್ನಡದವರು ಏಳು ಸಮುದ್ರ ದಾಟಿದರೂ ಹೆಚ್ಚಿಗೆ ಒಂದು ಪೇಟ ಇಟ್ಟುಕೊಳ್ಳದೆ ಸಭೆ ಮಾಡುವುದಿಲ್ಲ ಎಂದು ನನಗೆ ಸಮಾಧಾನವಾಯಿತು.

ಶನಿವಾರ, ಆಡಿಟೋರಿಯಂ

ಪ್ರತಿ ನಿಮಿಷದ ಯೋಜನೆ ಹತ್ತು ಗಂಟೆಗೇ ಕೆಟ್ಟಿತು. ದೀಪ ಹಚ್ಚಲು ಬೆಂಕಿಪೊಟ್ಟಣ ಯಾರೂ ತಂದಿರಲಿಲ್ಲ. ಆಡಿಟೋರಿಯಂನವರು ಬೆಂಕಿಯೇ ಕೂಡದು ಎಂದರು. ಕೊನೆಗೆ ಬ್ಯಾಟರಿಯ ದೀಪವನ್ನು ಐದು ಜನ ಗಣ್ಯರು ಸೇರಿ ಒತ್ತಿ ಉದ್ಘಾಟಿಸಿದರು. ಅಲ್ಲಿಂದ ಎಲ್ಲವೂ ನಲವತ್ತು ನಿಮಿಷ ಹಿಂದೆ. ನಾನು ನಗಿಸಿದೆ, ಓಡಿಸಿದೆ, ಕೋಲಾಟದ ಒಂದು ಸುತ್ತು ಕಡಿಮೆ ಮಾಡಿಸಿದೆ. ಆದರೂ ಚಂದ್ರಣ್ಣ ಮೈಕಿಗೆ ಬಂದಾಗ ಎರಡು ಗಂಟೆ ಐದು ನಿಮಿಷ. ಅವರ ನಂತರ ನನ್ನ ಮೂರು ಹಾಡು.

ಸೀರೆಯ ಸೆರಗು ಸರಿಮಾಡಿಕೊಳ್ಳಲು ಹಿಂದಿನ ಕೋಣೆಗೆ ಹೋದೆ. ಅಲ್ಲಿ ಕನ್ನಡಿಯ ಮುಂದೆ, ಉಬ್ಬುತೋಳಿನ ಬಿಳಿಯ ಉಡುಪಿನಲ್ಲಿ ಲಿಗಾಯಾ ಕೂತಿದ್ದರು. ಬಿಸಿನೀರಿನ ಲೋಟ ಹಿಡಿದು, ಕಣ್ಣು ಮುಚ್ಚಿ ಕೆಳಗಿನ ಸ್ವರದಿಂದ ಮೇಲಕ್ಕೆ ಗುನುಗುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಅವರ ತಂಗಿ ನನ್ನನ್ನು ಬಾಗಿಲಾಚೆಗೆ ಕರೆದಳು.

“ನಿಮ್ಮದು ಎರಡಕ್ಕೆ ಮುಗಿಯುತ್ತದೆಂದು ನಂಬಿ ಆಗಲೇ ಗಂಟಲು ಬಿಸಿ ಮಾಡಲು ಶುರು ಮಾಡಿದಳು. ಹತ್ತು ನಿಮಿಷ ಹೋಯಿತು. ನಿಲ್ಲಿಸಿ ಮತ್ತೆ ಶುರು ಮಾಡಲು ಆಗುವುದಿಲ್ಲ. ನಿಮ್ಮವರಿಗೆ ಹೇಳಬೇಡ ಎಂದಿದ್ದಾಳೆ.”

ಪರದೆಯ ಸಂದಿಯಿಂದ ನೋಡಿದೆ. ಬಾಗಿಲ ಹೊರಗೆ ಫಿಲಿಪ್ಪಿನೋ ಜನ ತಿಂಡಿಯ ದೊಡ್ಡ ತಟ್ಟೆಗಳನ್ನು ಹಿಡಿದು, ನಮ್ಮವರಂತೆಯೇ ಯಾವ ಆತುರವೂ ಇಲ್ಲದೆ ನಿಂತಿದ್ದರು. ಒಳಗೆ ಚಂದ್ರಣ್ಣ ಸಂಘ ಹುಟ್ಟುವ ಹಿಂದಿನ ವರ್ಷಕ್ಕೆ ಬಂದಿದ್ದರು. ಇವರು ಮುಗಿಸಿ, ನಾನು ಮೂರು ಹಾಡಿ, ವಂದನಾರ್ಪಣೆಯಾಗುವಷ್ಟರಲ್ಲಿ ಆ ಒಂದು ಗಂಟೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನೇರವಾಗಿ ಸ್ಟೇಜಿಗೆ ನಡೆದೆ. ಮೈಕು ಮುಟ್ಟಲಿಲ್ಲ. ಅಧ್ಯಕ್ಷರ ಮೊಣಕೈಯನ್ನು ಮೆಲ್ಲಗೆ ಹಿಡಿದೆ.

“ಅಧ್ಯಕ್ಷರ, ನಿಮ್ಮ ಮನೀಯವರು ಯಾರು ಬಂದಾರ್ರೀ ಇವತ್ತ?”

ಚಂದ್ರಣ್ಣ ಮಾತು ನಿಲ್ಲಿಸಿದರು. ಮುಖ ಅರಳಿತು. “ನಮ್ ತಾಯಿ ಬಂದಿದಾರೆ, ಅಲ್ಲಿ, ಫಸ್ಟ್ ರೋ...” ಎಂದು ಕೈ ತೋರಿಸಿದರು. ಕಣ್ಣಿನ ಹಿಂದೆಯೇ ಕಾಲು ಹೊರಟಿತು. ನಾನು ಜೊತೆಗೆ ನಡೆದೆ, ಮೂರು ಮೆಟ್ಟಿಲು ಇಳಿಸಿದೆ. ಅವರು ಹೋಗಿ ತಾಯಿಯ ಕಾಲಿಗೆ ಬಿದ್ದರು. ಹಣ್ಣುಹಣ್ಣಾದ ಆ ತಾಯಿ ಮಗನ ತಲೆ ಸವರಿ, ಇಡೀ ಸಭೆಗೆ ಕೇಳುವಂತೆ, “ಸಾಕು ಕಣ್ ಬಾರೋ ಚಂದ್ರು, ಕೂತ್ಕೋ,” ಎಂದರು. ಬೆಳಗಿನಿಂದ ಬೀಳದಷ್ಟು ಚಪ್ಪಾಳೆ ಬಿತ್ತು. ಚಂದ್ರಣ್ಣ ಕಣ್ಣೊರೆಸಿಕೊಂಡು, ಇದು ತಮ್ಮ ಅತ್ಯುತ್ತಮ ಭಾಷಣ ಎಂಬ ತೃಪ್ತಿಯಿಂದ ಕೂತರು.

ನಾನು ಮೈಕು ಹಿಡಿದು ಎರಡೇ ಸಾಲಿನಲ್ಲಿ ವಂದನೆ ಹೇಳಿದೆ. ಮುಂದಿನ ಕಾರ್ಯಕ್ರಮ ನೋಡಲು ಎಲ್ಲರೂ ಕೂತೇ ಇರಬೇಕು ಎಂದು ಆಜ್ಞೆ ಮಾಡಿದೆ. ಸುಮಿತ್ರಾ ಪಕ್ಕದಿಂದ ಓಡಿ ಬಂದಳು.

“ಆಂಟಿ, ನಿಮ್ ಸಾಂಗ್ಸು? ನೀವು ಅಷ್ಟ್ ದೂರದಿಂದ ಬಂದಿದ್ದೇ ಅದಕ್ಕಲ್ವಾ!”

“ಇರ್ಲಿ ಬಿಡವಾ. ನನ್ನ ಗಂಟಲಾ ನಾಳೆನೂ ಇರ್ತೈತಿ. ಆಕೀದು ಇರೂದಿಲ್ಲ.”

ಧೈರ್ಯವಾಗಿ ಹೇಳಿದೆ. ಆದರೆ ಪರದೆಯ ಹಿಂದೆ ಹೋದ ಮೇಲೆ ಅತ್ತೆ. ಎರಡು ತಿಂಗಳ ಭಜಿಯೂ ನೆನಪಾಯಿತು.

ಎರಡೂ ಇಪ್ಪತ್ತಕ್ಕೆ ಲಿಗಾಯಾ ಸ್ಟೇಜಿಗೆ ಬಂದರು. ನಮ್ಮವರು ಒಬ್ಬರೂ ಎದ್ದಿರಲಿಲ್ಲ. ಅವರ ಜನ ಒಳಗೆ ನುಗ್ಗಿ, ಕುರ್ಚಿ ಸಾಲದೆ ಗೋಡೆಗುಂಟ ನಿಂತರು. ಅವರ ತಿಂಡಿಯ ತಟ್ಟೆಗಳು ನಮ್ಮವರ ಕೈಗೂ ಬಂದವು, ನಮ್ಮಲ್ಲಿ ಉಳಿದಿದ್ದ ಹೋಳಿಗೆ ಆ ಕಡೆಗೆ ಹೋಯಿತು. ಲಿಗಾಯಾ ಮಾತೇ ಆಡಲಿಲ್ಲ. ನೇರವಾಗಿ ಹಾಡಿದರು.

ಹಳೆಯ ಕ್ಯಾಸೆಟ್ಟಿನ ದನಿಯನ್ನು ಅವರ ತಂಗಿ ಆಗಷ್ಟೇ ಪರದೆಯ ಹಿಂದೆ ನನಗೆ ಫೋನಿನಲ್ಲಿ ಕೇಳಿಸಿದ್ದಳು, ಹೊಳೆಯುವ ದನಿ. ಇದು ಅದಲ್ಲ. ಕೆಳಗಿನ ಸ್ಥಾಯಿಗೆ ಇಳಿದ, ಸ್ವಲ್ಪ ಒರಟಾದ, ಪಾತ್ರೆಯ ತಳ ಕೆರೆದಂಥ ದನಿ. ಆದರೆ ಅಲುಗಾಡಲಿಲ್ಲ. ಒಂದು ಹಾಡು, ಎರಡು, ಐದು. ಕೊನೆಗೆ ಒಂಬತ್ತನೆಯ ವಯಸ್ಸಿನಲ್ಲಿ ಗಂಟೆ ಬಾರಿಸಿಕೊಂಡಿದ್ದ ಹಾಡನ್ನೇ ಎತ್ತಿಕೊಂಡರು. ಅದರಲ್ಲಿ ಮೇಲಿನ ಷಡ್ಜವನ್ನು ದಾಟಿ ಹೋಗುವ ಒಂದು ಜಾಗವಿದೆ. ಅಲ್ಲಿಗೆ ಬಂದಾಗ ಬಾಯಿ ತೆರೆದರು, ದನಿ ಬರಲಿಲ್ಲ. ಅವರ ತಂಗಿ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ಎರಡು ಬಳೆ ಒಡೆದವು. ಲಿಗಾಯಾ ಬಾಯಿ ಮುಚ್ಚಲಿಲ್ಲ. ಹಾಗೇ ನಿಂತರು. ಆಮೇಲೆ ದನಿ ಬಂತು. ಮೊದಲು ನೂಲಿನಷ್ಟು, ಆಮೇಲೆ ಇಡೀ ಆಡಿಟೋರಿಯಂ ತುಂಬುವಷ್ಟು. ಹಿಡಿದು ನಿಲ್ಲಿಸಿದರು, ಸಾಕೆನಿಸಿದಾಗ ತಾವೇ ಬಿಟ್ಟರು. ಯಾರೂ ಗಂಟೆ ಬಾರಿಸಲಿಲ್ಲ.

ಜನ ಎದ್ದು ನಿಂತರು. ಚಂದ್ರಣ್ಣನ ತಾಯಿಯೂ ಕೋಲೂರಿ ಎದ್ದರು. ಅಷ್ಟರಲ್ಲಿ ಸುಮಿತ್ರಾ ಸನ್ಮಾನದ ಪೆಟ್ಟಿಗೆ ಹಿಡಿದು ಸ್ಟೇಜಿಗೆ ಓಡಿದಳು. ಸಂಘದವರು ಸೇರಿ ಐದನೆಯ ಶಾಲನ್ನು ಹೊದೆಸಿ, ಐದನೆಯ ಪೇಟವನ್ನು ಲಿಗಾಯಾರ ತಲೆಗೆ ಇಟ್ಟರು. ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ನನ್ನ ಕೈಗೆ ಮೈಕು ಕೊಟ್ಟು ಎರಡು ಮಾತು ಹೇಳಿ ಎಂದರು.

ಎರಡು ಮಾತು ನನ್ನಿಂದ ಆಗಲಿಲ್ಲ. ಬೇಲಿಯಿಂದ ಶುರು ಮಾಡಿದೆ, ಒಣಮೀನಿಗೆ ಹೋದೆ, ಬೆಳ್ಳುಳ್ಳಿಗೆ ಬಂದೆ, ಅಳುತ್ತಾ ಕನ್ನಡ ಇಂಗ್ಲಿಷು ಬೆರೆಸಿ ಹೇಳುತ್ತಲೇ ಹೋದೆ. ನಿಲ್ಲಿಸಲು ಬರಲಿಲ್ಲ. ಆಗ ನನ್ನ ಮೊಣಕೈಯನ್ನು ಯಾರೋ ಮೆಲ್ಲಗೆ ಹಿಡಿದರು.

“ವಿಜಯಾ, ನಿನ್ನ ಮನೆಯವರು ಯಾರು ಬಂದಿದ್ದಾರೆ?”

ಆ ಒಂದು ಗಂಟೆ ಮುಗಿದಿತ್ತು. ಪಿಸುಮಾತು ಅದು, ನನಗೆ ಮಾತ್ರ ಕೇಳಿಸಿತು. ವಿದ್ಯೆ ಗೊತ್ತಿದ್ದರೂ ನನ್ನ ಕಣ್ಣು ತಾನಾಗಿ ಸಭೆಯನ್ನು ಹುಡುಕಿತು, ಮುಂದಿನ ಸಾಲಿನ ಈ ತುದಿಯಿಂದ ಆ ತುದಿಯವರೆಗೆ. ಕಾಲು ಮಾತ್ರ ಎಲ್ಲಿಗೂ ಹೊರಡಲಿಲ್ಲ.

“ಯಾರೂ ಬಂದಿಲ್ಲ,” ಎಂದೆ. ಮೈಕು ಬಾಯಿಯ ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

ಲಿಗಾಯಾ ಮೊಣಕೈ ಬಿಟ್ಟರು. ಹುಬ್ಬಿನ ಮೇಲೆ ಜಾರಿದ್ದ ಪೇಟವನ್ನು ಹಿಂದಕ್ಕೆ ತಳ್ಳಿಕೊಂಡು, ಶಾಲು ಎಳೆದುಕೊಂಡು, ಒಬ್ಬರೇ ಆ ಮೂರು ಮೆಟ್ಟಿಲು ಇಳಿದರು. ಮುಂದಿನ ಸಾಲಿಗೆ ಹೋಗಿ, ಚಂದ್ರಣ್ಣನನ್ನು ಕೈಸನ್ನೆಯಿಂದ ಎಬ್ಬಿಸಿ, ಅವರ ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತರು. ದನಿಯಿಲ್ಲದ ಬಾಯಿಂದ, ಎರಡೂ ಕೈ ಎತ್ತಿ, ಹಾಡು ಎಂದು ಸನ್ನೆ ಮಾಡಿದರು.

ನಾನು ಕಣ್ಣೊರೆಸಿಕೊಂಡೆ, ಶ್ರುತಿ ಕೇಳಿದೆ, ಮೂರೂ ಹಾಡು ಹಾಡಿದೆ.